ಬಾವಿ ಒಂದು, ಪಂಪು ಎರಡು: ಮನೆಯ ಫುಟ್‌ವಾಲ್ವ್ ಕೆಳಗಿರಲಿ

ಮಲೆನಾಡು, ಕರಾವಳಿಯ ಅಡಿಕೆ ತೋಟದ ಮನೆಗಳಲ್ಲಿ ಪ್ರತಿ ಬೇಸಿಗೆಗೂ ಇದೇ ಜಗಳ. ಬಾವಿ ಒಂದೇ. ಅದಕ್ಕೆ ಮನೆಯ 1 ಎಚ್‌ಪಿ ಪಂಪು, ತೋಟದ 3 ಎಚ್‌ಪಿ ಪಂಪು. ಅಣ್ಣತಮ್ಮಂದಿರು ಪಾಲಾಗಿದ್ದರೆ ಇನ್ನೂ ಒಂದೆರಡು. ಮಾರ್ಚ್ ಕಳೆದರೆ ಸಾಕು, ಬೆಳಿಗ್ಗೆ ಅಡುಗೆಮನೆಯ ನಲ್ಲಿಯಲ್ಲಿ ಬರೀ ಗಾಳಿ.

ಯಾರೂ ಬೇಕಂತ ಮಾಡುವುದಲ್ಲ. ತ್ರೀ ಫೇಸ್ ಕರೆಂಟು ಹೊತ್ತಲ್ಲದ ಹೊತ್ತಲ್ಲಿ ಬರುತ್ತದೆ ಅಂತ ತೋಟದ ಪಂಪಿಗೆ ಆಟೋ ಸ್ಟಾರ್ಟರ್ ಹಾಕಿರುತ್ತೇವೆ. ನಡುರಾತ್ರಿ ಅದು ತಾನೇ ಶುರುವಾಗಿ ತಳದವರೆಗೂ ಎಳೆದುಬಿಡುತ್ತದೆ. ಬೆಳಿಗ್ಗೆ ಕೊಡ ಹಿಡಿದು ಪಕ್ಕದ ಮನೆಗೆ ಹೋಗುವವರು ಹೆಂಗಸರು. ಪಂಪು ಕೂರಿಸುವಾಗ ಅವರನ್ನು ಒಂದು ಮಾತು ಕೇಳಿರುವುದಿಲ್ಲ.

ಸ್ವಲ್ಪ ಲೆಕ್ಕ ನೋಡಿ. 10 ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರು ಅಂದರೆ ಸುಮಾರು 2,200 ಲೀಟರ್. ತೋಟದ ಪಂಪು ಗಂಟೆಗೆ 10,000 ಲೀಟರ್ ಎತ್ತಿದರೆ ನಾಲ್ಕೂವರೆ ಅಡಿ ಖಾಲಿ. ಏಪ್ರಿಲ್ ತಿಂಗಳ ಒರತೆ ಅಷ್ಟು ಬೇಗ ತುಂಬಿಕೊಡುವುದಿಲ್ಲ. ಆದರೆ ಐದು ಜನ, ಎರಡು ಹಸು ಇರುವ ಮನೆಗೆ ದಿನಕ್ಕೆ 1,000 ಲೀಟರ್ ಧಾರಾಳ ಸಾಕು. ತಳದ ಎರಡು ಅಡಿ ಉಳಿದರೆ ನಾಲ್ಕು ದಿನ ಮನೆ ನಡೆಯುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಫುಟ್‌ವಾಲ್ವ್ ಅಂದರೆ ಬಾವಿಯೊಳಗಿನ ಪೈಪಿನ ಕೆಳತುದಿಯಲ್ಲಿ ನೀರನ್ನು ಮೇಲೆ ಬಿಟ್ಟು ವಾಪಸ್ ಬಿಡದ ವಾಲ್ವ್. ತೋಟದ ಫುಟ್‌ವಾಲ್ವ್ ಮನೆಯದಕ್ಕಿಂತ ಎರಡು ಅಡಿ ಮೇಲಿರಲಿ. ಹೆಚ್ಚಿನ ಕಡೆ ಇದು ಉಲ್ಟಾ ಇರುತ್ತದೆ. ದೊಡ್ಡ ಪಂಪಿಗೆ ಜಾಸ್ತಿ ನೀರು ಸಿಗಲಿ ಅಂತ ಅದರ ಪೈಪನ್ನೇ ತಳಕ್ಕೆ ಇಳಿಸಿರುತ್ತಾರೆ. "ರಾತ್ರಿ ಜಾಸ್ತಿ ಬಿಡಬೇಡ ಮಾರಾಯ" ಅಂತ ತಮ್ಮನಿಗೆ ಹೇಳುವುದರಿಂದ ನೀರು ಉಳಿಯುವುದಿಲ್ಲ. ಪೈಪು ಗಿಡ್ಡ ಇದ್ದರೆ ಉಳಿಯುತ್ತದೆ. ಮನೆಯ ಫುಟ್‌ವಾಲ್ವ್ ಕೂಡ ಕೆಸರಿನಿಂದ ಒಂದಡಿ ಮೇಲೆ ನಿಲ್ಲಲಿ, ಇಲ್ಲದಿದ್ದರೆ ರಾಡಿಯೇ ಬರುತ್ತದೆ.

ಇದರ ಜೊತೆ ತೋಟದ ಪಂಪಿಗೆ ಡ್ರೈ ರನ್ ಕಟ್ಆಫ್, ಅಂದರೆ ನೀರು ಮುಗಿದ ಕೂಡಲೇ ಪಂಪು ನಿಲ್ಲಿಸುವ ಸಾಧನ, ಬೇಕೇ ಬೇಕು. ನೀರು ಸಿಗದೆ ಖಾಲಿ ಓಡಿದರೆ ಸೀಲ್ ಸುಟ್ಟು ಹೋಗುತ್ತದೆ. ಓಪನ್‌ವೆಲ್ ಸಬ್‌ಮರ್ಸಿಬಲ್ (ಬಾವಿಯ ನೀರಿನೊಳಗೇ ಮುಳುಗಿರುವ ಪಂಪು) ಇದ್ದವರು ತೋಟದ್ದನ್ನು ಎತ್ತರಿಸಿ, ನೀರಿನ ಮಟ್ಟಕ್ಕೆ ಸೆನ್ಸಾರ್ ಹಾಕಿಸಿ.

"ಹಾಗಾದ್ರೆ ತೋಟ ಒಣಗಲಾ?" ಅನ್ನುವವರಿದ್ದಾರೆ. ಸಿಟ್ಟು ಸಹಜ, ಮರ ಸಾಕಿದ್ದು ವರ್ಷಗಟ್ಟಲೆ. ಆದರೆ ಡ್ರಿಪ್‌ನಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಬುಡಕ್ಕೆ ಸೋಗೆ, ದರಗು ಮುಚ್ಚಿ. ಒಂದೇ ಸಲ ಎಳೆಯುವ ಬದಲು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಬಿಟ್ಟರೆ ನಡುವೆ ಒರತೆಗೂ ಸಮಯ ಸಿಗುತ್ತದೆ.

ನನಗೆ ನಿಜಕ್ಕೂ ಭಯ ಇರುವುದು ಗೊಬ್ಬರ, ಔಷಧಿಯ ವಿಷಯದಲ್ಲಿ. ಡ್ರಿಪ್ ಲೈನಿಗೆ ವೆಂಚುರಿ (ಗೊಬ್ಬರದ ನೀರನ್ನು ಲೈನಿಗೆ ಎಳೆದುಕೊಳ್ಳುವ ಸಾಧನ) ಇಟ್ಟು ಯೂರಿಯಾ, ಪೊಟ್ಯಾಷ್ ಬಿಡುತ್ತೇವೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕದಡುವಾಗ ಅದೇ ಲೈನಿನ ಹೋಸನ್ನು ಡ್ರಮ್ಮಿನೊಳಗೆ ಮುಳುಗಿಸಿ ಇಡುತ್ತೇವೆ. ಆಗ ಕರೆಂಟು ಹೋಯಿತು ಅಂದುಕೊಳ್ಳಿ. ಫುಟ್‌ವಾಲ್ವಿನ ರಬ್ಬರ್ ಸವೆದಿದ್ದರೆ ಪೈಪಿನ ನೀರು ವಾಪಸ್ ಇಳಿಯುತ್ತದೆ, ಡ್ರಮ್ಮಿನ ಮೈಲುತುತ್ತವನ್ನೂ ಎಳೆದುಕೊಂಡು ಬಾವಿಗೇ ಬರುತ್ತದೆ. ಅದೇ ನೀರು ಮಗುವಿನ ಲೋಟಕ್ಕೆ. ತೋಟದ ಪಂಪಿನ ಡೆಲಿವರಿಯಲ್ಲಿ, ಅಂದರೆ ನೀರು ಹೊರಹೋಗುವ ಪೈಪಿನಲ್ಲಿ, ನೀರು ವಾಪಸ್ ಬರದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಹೋಸಿನ ತುದಿ ಡ್ರಮ್ಮಿನ ನೀರಿಗೆ ಮುಟ್ಟದ ಹಾಗೆ ಮೇಲೆ ಕಟ್ಟಿ. ಈ ವಾರವೇ ಒಮ್ಮೆ ಬಾವಿಕಟ್ಟೆಗೆ ಹೋಗಿ ನೋಡಿ, ಯಾವ ಪೈಪು ಎಷ್ಟು ಆಳಕ್ಕಿದೆ ಅಂತ. ಪ್ಲಂಬರ್ ಬರುವಾಗ ಮನೆಯ ಹೆಂಗಸರೂ ಪಕ್ಕದಲ್ಲಿರಲಿ.