ನರ್ಸ್ ಆಗಿ, ನರ್ಸ್ ಹಾಗೆ

ನಮ್ಮ ಬೀದಿಯ ಹುಡುಗಿಯೊಬ್ಬಳು ಇಂದು ಬೆಳಿಗ್ಗೆ ವಿದೇಶದ ಕೆಲಸಕ್ಕೆಂದು ಬರೆದ ಅರ್ಜಿಯನ್ನು ಹಿಡಿದು ಬಂದು, ‘ಮೇಷ್ಟ್ರೇ, ಒಂದು ಸಲ ಕಣ್ಣಾಡಿಸಿ ಕೊಡಿ’ ಎಂದಳು. ಎರಡನೆಯ ಸಾಲಿನಲ್ಲೇ ಕಣ್ಣು ನಿಂತಿತು: ‘ಐ ವರ್ಕ್ಡ್ ಲೈಕ್ ಎ ನರ್ಸ್ ಫಾರ್ ತ್ರೀ ಇಯರ್ಸ್.’ ಮೂರು ವರ್ಷ ರಾತ್ರಿಪಾಳಿಯಲ್ಲಿ ನಿದ್ದೆಗೆಟ್ಟು ದುಡಿದವಳು, ತಾನು ನರ್ಸ್ ಅಲ್ಲದಿದ್ದರೂ ನರ್ಸ್ ಹಾಗೆ ಕೆಲಸ ಮಾಡಿದೆನೆಂದು ತನ್ನ ಕೈಯಾರೆ ಬರೆದು ಸಹಿ ಹಾಕಿದ್ದಳು. ಅಷ್ಟಕ್ಕೇ ಆಗಿದ್ದರೆ ನಕ್ಕು ತಿದ್ದಿ ಕಳುಹಿಸುತ್ತಿದ್ದೆ. ಆದರೆ ಆಕೆ ಹಣ ಕಟ್ಟಿ ಹೋಗುತ್ತಿರುವ ಸ್ಪೋಕನ್ ಇಂಗ್ಲಿಷ್ ತರಗತಿಯ ಬೋಧಕರು ಅದನ್ನು ಆಗಲೇ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಏನೆಂದು? ‘ಆ್ಯಸ್ ಲೈಕ್ ಎ ನರ್ಸ್’ ಎಂದು!

ಸಿಟ್ಟನ್ನು ನುಂಗಿಕೊಂಡು, ‘ಇದನ್ನು ಕನ್ನಡದಲ್ಲಿ ಹೇಳಮ್ಮ’ ಎಂದೆ. ‘ಮೂರು ವರ್ಷ ನರ್ಸ್ ಆಗಿ ಕೆಲಸ ಮಾಡಿದೆ’ ಎಂದಳು. ‘ನರ್ಸ್ ಹಾಗೆ ಅಂದರೆ ಆಗುವುದಿಲ್ಲವೇ?’ ಎಂದು ಕೇಳಿದರೆ, ‘ಅಯ್ಯೋ, ಆಗ ನಾನು ಸುಳ್ಳು ನರ್ಸ್ ಆಗಿಬಿಡುತ್ತೇನಲ್ಲ ಮೇಷ್ಟ್ರೇ’ ಎಂದು ನಕ್ಕಳು. ‘ಆಗಿ’ ಎಂಬಲ್ಲಿ ಆ್ಯಸ್, ‘ಹಾಗೆ’ ಎಂಬಲ್ಲಿ ಲೈಕ್. ಈ ವ್ಯತ್ಯಾಸವನ್ನು ಯಾರೂ ಆಕೆಗೆ ಕಲಿಸಬೇಕಾಗಿಯೇ ಇರಲಿಲ್ಲ, ತೊಟ್ಟಿಲಲ್ಲೇ ಕಲಿತಿದ್ದಳು. ಆ ತರಗತಿಯಲ್ಲಿ ಕನ್ನಡದ ಮಾತೊಂದು ಬಾಯಿಂದ ಬಂದರೆ ಹತ್ತು ರೂಪಾಯಿ ದಂಡವಂತೆ. ಕಲಿಯಲು ಬಂದವರ ಬಳಿ ಇರುವ ಬೀಗದ ಕೈಯನ್ನು ಬಾಗಿಲಲ್ಲೇ ಕಸಿದುಕೊಂಡು, ಒಳಗೆ ಕೂರಿಸಿ ಬೀಗ ತೆರೆಯುವುದು ಹೇಗೆಂದು ಪಾಠ ಹೇಳುವ ವಿದ್ಯೆಗೆ ಶುಲ್ಕ ಬೇರೆ.

ಹೋಲಿಕೆಯ ವಿಷಯದಲ್ಲಿ ನಾವೇನು ಬಡವರೇ? ‘ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು’ ಎಂಬ ವಾಕ್ಯವನ್ನು ಬಾಯಿಪಾಠ ಮಾಡದೆ ಹತ್ತನೆಯ ತರಗತಿ ದಾಟಿದವರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂದು ನಾಲ್ಕು ಗೆರೆ ಎಳೆದು ಅಂಕ ಗಿಟ್ಟಿಸಿದವರೇ ಎಲ್ಲರೂ. ಅಲ್ಲಿನ ‘ಅಂತೆ’ಯೇ ಇಂಗ್ಲಿಷಿನ ಲೈಕ್ ಎಂದು ಕನ್ನಡ ಪಂಡಿತರು ಹೇಳಲಿಲ್ಲ, ಇಂಗ್ಲಿಷ್ ಮೇಷ್ಟ್ರು ಕೇಳಲಿಲ್ಲ, ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಚಹಾ ಮಾತ್ರ ಕುಡಿದರು.

ಉಳಿದ ತಪ್ಪುಗಳ ಕಥೆಯೂ ಇದೇ. ‘ಸಿಮಿಲರ್ ಲೈಕ್’ ಎನ್ನುವವರಿಗೆ ನಾನು ಹೇಳುವುದಿಷ್ಟು: ಕನ್ನಡದಲ್ಲಿ ‘ಅದಕ್ಕೆ ಸಮಾನ’ ಎನ್ನುತ್ತೀರಿ, ಆ ‘ಕ್ಕೆ’ಯೇ ಇಂಗ್ಲಿಷಿನಲ್ಲಿ ‘ಟು’ ಆಗಿ ಸಿಮಿಲರ್ ಆದ ಮೇಲೆ ಬಂದು ಕೂರುತ್ತದೆ. ‘ರಿಸೆಂಬಲ್ಸ್ ಟು ಹಿಸ್ ಫಾದರ್’ ಎನ್ನುವವರಿಗೆ: ‘ತಂದೆಯನ್ನು ಹೋಲುತ್ತಾನೆ’ ಎಂಬಲ್ಲಿ ಇರುವುದು ‘ಅನ್ನು’, ‘ಗೆ’ ಅಲ್ಲ, ಆದ್ದರಿಂದ ಅಲ್ಲಿ ಟು ಎಂಬುದಕ್ಕೆ ಕೆಲಸವಿಲ್ಲ. ವಿಭಕ್ತಿ ಪ್ರತ್ಯಯ ಬಲ್ಲವನಿಗೆ ಇದಕ್ಕಿಂತ ಸುಲಭದ ಪಾಠ ಇನ್ನೊಂದಿಲ್ಲ. ‘ಸೇಮ್ ಲೈಕ್’ ಎನ್ನುವವರು ಮಾತ್ರ ‘ಸೇಮ್ ಆ್ಯಸ್’ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಲಿ. ಅದಕ್ಕೆ ನನ್ನ ಬಳಿಯೂ ಅಡ್ಡದಾರಿಯಿಲ್ಲ.

ಒಂದು ಕಡೆ ಕನ್ನಡವೇ ನಮ್ಮನ್ನು ಎಡವಿಸುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ‘ಅಂತೆ’ ನಾಮಪದಕ್ಕೂ ಅಂಟುತ್ತದೆ, ಕ್ರಿಯಾಪದಕ್ಕೂ ಅಂಟುತ್ತದೆ: ಆನೆಯಂತೆ, ಹೇಳಿದಂತೆ. ಬರಹದ ಇಂಗ್ಲಿಷಿನಲ್ಲಿ ಮೊದಲನೆಯದು ಲೈಕ್, ಎರಡನೆಯದು ಆ್ಯಸ್. ಹಾಗಾಗಿ ‘ಲೈಕ್ ಐ ಸೆಡ್’ ಎಂಬುದು ನಮಗೆ ಸಹಜವಾಗಿಯೇ ಬರುತ್ತದೆ.

ಇಲ್ಲಿಗೆ ಬರುತ್ತಿದ್ದಂತೆ ಕಾಮೆಂಟಿನಲ್ಲಿ ಯಾರಾದರೂ ‘ಅಮೆರಿಕದವರೇ ಹಾಗೆ ಮಾತಾಡುತ್ತಾರೆ ಸಾರ್’ ಎನ್ನುತ್ತೀರೆಂಬುದು ನನಗೆ ಗೊತ್ತು. ಮಾತಾಡುತ್ತಾರೆ, ನಿಜ. 1954ರಲ್ಲಿ ವಿನ್‌ಸ್ಟನ್ ಸಿಗರೇಟಿನವರು ‘ಟೇಸ್ಟ್ಸ್ ಗುಡ್ ಲೈಕ್ ಎ ಸಿಗರೇಟ್ ಶುಡ್’ ಎಂದು ಜಾಹೀರಾತು ಹೊರಡಿಸಿದಾಗ, ಅಲ್ಲಿ ಆ್ಯಸ್ ಇರಬೇಕಿತ್ತೆಂದು ಅಲ್ಲಿನ ವ್ಯಾಕರಣಪ್ರಿಯರು ರಂಪ ಮಾಡಿದರು. 1961ರ ವೆಬ್‌ಸ್ಟರ್ ನಿಘಂಟು ಆ ಬಳಕೆಗೂ ಜಾಗ ಕೊಟ್ಟಾಗ ಇನ್ನೊಂದು ಸುತ್ತು ರಂಪವಾಯಿತು. ಸಿಗರೇಟಿನ ರುಚಿಯ ಬಗ್ಗೆ ಅವರು ಹೇಗೆ ಬೇಕಾದರೂ ಹೇಳಿಕೊಳ್ಳಲಿ. ಅದು ಕ್ರಿಯಾಪದದ ಜೊತೆಗಿನ ಜಗಳ. ನರ್ಸ್ ಆಗಿ ದುಡಿಯುವುದನ್ನೂ ನರ್ಸ್ ಹಾಗೆ ದುಡಿಯುವುದನ್ನೂ ಅವರೂ ಒಂದೇ ಎನ್ನುವುದಿಲ್ಲ. ಇನ್ನು ‘ಆ್ಯಸ್ ಲೈಕ್’ ಎಂಬುದಕ್ಕೆ ಅಮೆರಿಕದ ಸಾಕ್ಷಿ ತರುವವರು ತಂದು ತೋರಿಸಲಿ, ಚಹಾ ನನ್ನ ಲೆಕ್ಕದಲ್ಲಿ.

ಇಷ್ಟೆಲ್ಲ ಬರೆದ ಮೇಲೆ ಹೇಳದಿದ್ದರೆ ನಿದ್ದೆ ಬಾರದು. ಇಂಗ್ಲಿಷ್ ಪಿರಿಯಡ್‌ನಲ್ಲಿ ಕನ್ನಡ ಮಾತಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನೂ ಹೌದು. ನನ್ನ ಶಿಷ್ಯರು ಇದನ್ನು ಓದುತ್ತಿರುವವರಲ್ಲೇ ಹಲವರಿದ್ದೀರಿ, ಕೆಲವರು ಬೆಂಚಿನ ಎತ್ತರದಿಂದ ನನ್ನನ್ನು ನೋಡಿದವರು. ಆಗ ನಾನು ‘ಕನ್ನಡದಲ್ಲಿ ಹೇಳು’ ಎಂದು ಒಮ್ಮೆಯಾದರೂ ಕೇಳಿದ್ದರೆ ನಿಮ್ಮ ಕಾಲಿಗೂ ಸುಖವಿತ್ತು, ನನ್ನ ಕೆಂಪು ಶಾಯಿಯೂ ಉಳಿಯುತ್ತಿತ್ತು.

ಹುಡುಗಿ ಅಲ್ಲೇ ಕೂತು ಅರ್ಜಿಯನ್ನು ತಿದ್ದತೊಡಗಿದಳು. ಕೊನೆಯಲ್ಲಿ, ವಯಸ್ಸಾದ ರೋಗಿಗಳನ್ನು ‘ಲೈಕ್ ಮೈ ಓನ್ ಗ್ರ್ಯಾಂಡ್‌ಪೇರೆಂಟ್ಸ್’ ನೋಡಿಕೊಳ್ಳುತ್ತೇನೆ ಎಂಬ ಸಾಲಿತ್ತು. ಲೈಕ್ ಕಂಡೊಡನೆ ಹೊಡೆದುಹಾಕಲು ಪೆನ್ನು ಎತ್ತಿದವಳು, ಹಾಗೇ ತಡೆದು, ತುಟಿಯಲ್ಲೇ ಏನನ್ನೋ ಅಂದುಕೊಂಡಳು. ‘ಸ್ವಂತ ಅಜ್ಜ ಅಜ್ಜಿಯ ಹಾಗೆ... ಇದು ಇರಲಿ ಅಲ್ಲವೇ ಮೇಷ್ಟ್ರೇ?’ ಎಂದು ಪೆನ್ನಿಗೆ ಮುಚ್ಚಳ ಹಾಕಿದಳು.