ಬಾನೆಟ್ ಬಿಸಿಯಾಗಿತ್ತು, ನಾನು ಸುಮ್ಮನಿದ್ದೆ

ಹಳೆಯ ಕಾರೊಂದನ್ನು ಕೊಳ್ಳುವ ಮುಂಚೆ ನೋಡಲು ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದೆ, ಹತ್ತಕ್ಕೇ ಹೋದೆ. ಕಾರನ್ನು ತೊಳೆದು ಒರೆಸಿ ನೆರಳಿನಲ್ಲಿ ನಿಲ್ಲಿಸಿದ್ದರು. ಬಣ್ಣ ನೋಡುವ ನೆಪದಲ್ಲಿ ಬಾನೆಟ್ ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು. ‘ಈಗಷ್ಟೇ ತೊಳೆಸಿಕೊಂಡು ಬಂದೆ, ನಿಮಗಾಗಿ’ ಎಂದರು ಮಾರುವವರು, ನಾನು ಬಾಯಿ ತೆರೆಯುವ ಮೊದಲೇ. ನಾನು ನಗುತ್ತಾ ‘ಅಯ್ಯೋ, ಯಾಕೆ ತೊಂದರೆ ತೆಗೆದುಕೊಂಡಿರಿ’ ಎಂದೆ. ಆ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ತೊಂದರೆ ತೆಗೆದುಕೊಂಡದ್ದು ನನಗಾಗಿಯೇ, ಅದರಲ್ಲಿ ಸುಳ್ಳಿಲ್ಲ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ತನ್ನ ಕಾಯಿಲೆಯನ್ನು ಬಾಯಿಬಿಡುವುದು ಸ್ಟಾರ್ಟ್ ಆದ ಮೊದಲ ಅರ್ಧ ನಿಮಿಷದಲ್ಲಿ. ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್ ಸವೆದಿದ್ದರೆ ಒಳಗೆ ಜಿನುಗಿ ನಿಂತ ಆಯಿಲ್ ಆಗ ಉರಿದು ನೀಲಿ ಹೊಗೆಯಾಗಿ ಹೊರಬರುತ್ತದೆ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಆಯಿಲ್ ಮೇಲೇರುವವರೆಗೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. ಬ್ಯಾಟರಿ ಸೋತಿದ್ದರೆ ಆಗಲೇ ಮುಲುಗುತ್ತದೆ. ಮೊದಲೇ ಹತ್ತು ನಿಮಿಷ ಓಡಿಸಿ ತಂದಿಟ್ಟರೆ ಇದ್ಯಾವುದೂ ಇಲ್ಲ. ಕೀ ತಿರುಗಿಸಿದ ಕೂಡಲೇ ಸಾಧು ಹಸುವಿನ ಹಾಗೆ ನಿಂತುಕೊಳ್ಳುತ್ತದೆ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಹೊಟ್ಟೆ ಉರಿಯುವುದೇ ಅದಕ್ಕೆ. ಗೊತ್ತಿತ್ತು! ವಾರವಿಡೀ ಕುಳಿತು ಓದಿದ್ದೆ. ಓದಿದ್ದರಿಂದಲೇ ಬಾನೆಟ್ ಮುಟ್ಟಿದ್ದು. ಮುಟ್ಟಿದ ಮೇಲೆ ‘ಹಾಗಾದರೆ ನಾಳೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ’ ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಅವರ ಮಗು ಬಾಗಿಲಿಗೆ ಬಂದು ‘ಅಪ್ಪಾ, ನಮ್ಮ ಕಾರು ಕೊಟ್ಟುಬಿಡುತ್ತೀಯಾ’ ಎಂದು ಮುಖ ಸಣ್ಣದು ಮಾಡಿಕೊಂಡಿತು. ಅಂಥ ಅಂಗಳದಲ್ಲಿ ನಿಂತು ‘ನೀವು ಏನೋ ಮುಚ್ಚಿಡುತ್ತಿದ್ದೀರಿ’ ಎಂದು ಹೇಳುವುದು ಹೇಗೆ? ದಾಕ್ಷಿಣ್ಯಕ್ಕೆ ಬಸಿರಾಗುವುದು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿ ನಗುತ್ತಿದ್ದೆ. ಈಗ ನಗು ಬರುತ್ತಿಲ್ಲ.

ಓಡೋಮೀಟರ್‌ನಲ್ಲಿ 54,000 ಕಿಲೋಮೀಟರ್ ತೋರಿಸುತ್ತಿತ್ತು. ಕ್ಲಚ್ ಪೆಡಲ್‌ನ ರಬ್ಬರ್ ಒಂದು ಮೂಲೆಯಲ್ಲಿ ಸವೆದು ಲೋಹ ಇಣುಕುತ್ತಿತ್ತು. ಸ್ಟೀರಿಂಗ್ ಹಿಡಿಯುವ ಜಾಗ ಕನ್ನಡಿಯಂತೆ ನುಣುಪಾಗಿತ್ತು. ಚಾಲಕನ ಸೀಟಿನ ಹೊರ ಅಂಚು ಕುಸಿದು ಕೂತಿತ್ತು. 54,000 ಓಡಿದ ಕಾರಿನಲ್ಲಿ ಹೀಗೆಲ್ಲ ಆಗುವುದಿಲ್ಲ. ಇದನ್ನೂ ನೋಡಿದೆ, ಇದಕ್ಕೂ ಸುಮ್ಮನಿದ್ದೆ. ‘ತುಂಬಾ ಒಳ್ಳೆಯ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದೀರಿ’ ಎಂದು ಬೇರೆ ಹೇಳಿದೆ.

ಕೊಂಡ ನಾಲ್ಕನೆಯ ದಿನ ಎಂಜಿನ್‌ನ ಹಳದಿ ದೀಪ ಹತ್ತಿತು. ಮೆಕ್ಯಾನಿಕ್ ಕಾರಿನ ಕಂಪ್ಯೂಟರ್‌ಗಳನ್ನು ಓದುವ ಸ್ಕ್ಯಾನರ್ ಚುಚ್ಚಿ, ಪರದೆಯನ್ನು ನನ್ನ ಕಡೆ ತಿರುಗಿಸಿ, ಒಂದು ಸಾಲಿನ ಮೇಲೆ ಗ್ರೀಸ್ ಮೆತ್ತಿದ ಬೆರಳಿಟ್ಟ. ಗೇರ್‌ಬಾಕ್ಸ್‌ನ ಕಂಪ್ಯೂಟರ್ ಎಂದೋ ಒಂದು ದೋಷವನ್ನು ಬರೆದಿಟ್ಟುಕೊಂಡಿತ್ತು, ಪಕ್ಕದಲ್ಲಿ ಆ ಹೊತ್ತಿಗೆ ಕಾರು ಓಡಿದ್ದ ದೂರ: 1,31,000 ಕಿಲೋಮೀಟರ್. ‘ಮುಂದಿನದನ್ನು ಮಾತ್ರ ತಿದ್ದಿದ್ದಾರೆ ಸಾರ್, ಒಳಗಿನದನ್ನು ಮರೆತಿದ್ದಾರೆ’ ಎಂದ. ಅವನ ದನಿಯಲ್ಲಿ ಕೋಪವೇನೂ ಇರಲಿಲ್ಲ, ಕೆಲಸ ಅರ್ಧಕ್ಕೆ ಬಿಟ್ಟವರ ಬಗ್ಗೆ ಸಣ್ಣ ತಾತ್ಸಾರವಿತ್ತು.

ಮುಳ್ಳು ಮತ್ತು ಹಲ್ಲಿನ ಚಕ್ರಗಳ ಹಳೆಯ ಮೀಟರ್ ತಿರುಗಿಸಲು ಬಿಚ್ಚಿ ಕೈಹಾಕಬೇಕಿತ್ತು, ಅಂಕಿಗಳು ಸೊಟ್ಟಗಾಗಿ ಗುಟ್ಟು ಬಿಡುತ್ತಿದ್ದವು. ಡಿಜಿಟಲ್ ಬಂದ ಮೇಲೆ ಅದೊಂದು ಚಿಪ್‌ನಲ್ಲಿರುವ ಸಂಖ್ಯೆ, ಅಷ್ಟೆ. ಸಾಧನ ಜೋಡಿಸಿ ಬೇಕಾದ ಅಂಕಿ ಬರೆದುಬಿಡುತ್ತಾರೆ. ಗೀರು ಕೂಡ ಬೀಳುವುದಿಲ್ಲ. ಅಮೆರಿಕದಲ್ಲಿ 1972ರಿಂದಲೂ ಇದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಆದರೂ ವರ್ಷಕ್ಕೆ 4,50,000ಕ್ಕೂ ಹೆಚ್ಚು ವಾಹನಗಳು ಸುಳ್ಳು ಓಡೋಮೀಟರ್‌ನೊಂದಿಗೆ ಮಾರಾಟವಾಗುತ್ತವೆ ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತವೇ ಅಂದಾಜು ಮಾಡಿದೆ. ಅಂದರೆ ನಾನೊಬ್ಬನೇ ದಡ್ಡನಲ್ಲ. ಇದರಿಂದ ಏನೂ ಸಮಾಧಾನವಾಗಲಿಲ್ಲ.

ಇನ್ನು ಆ ಹಳದಿ ದೀಪ. ಮಾರುವ ಮುಂಚೆ ಸ್ಕ್ಯಾನರ್‌ನಿಂದ ಎಂಜಿನ್‌ನ ದೋಷಗಳನ್ನು ಅಳಿಸಿದ್ದಾರೆ. ದೋಷ ಅಳಿದಿದೆ, ಕಾಯಿಲೆ ಉಳಿದಿದೆ. ಹೀಗೆ ಅಳಿಸಿದಾಗ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಫಲಿತಾಂಶಗಳೂ ಅಳಿಸಿಹೋಗುತ್ತವೆ, ಮತ್ತೆ ಪೂರ್ತಿಯಾಗಲು ಕೆಲವು ದಿನ ಓಡಿಸಬೇಕು. ಕೊಳ್ಳುವ ದಿನವೇ ಸಣ್ಣದೊಂದು ಸ್ಕ್ಯಾನರ್ ಚುಚ್ಚಿದ್ದರೆ ದೋಷವೇನೂ ಕಾಣುತ್ತಿರಲಿಲ್ಲ, ಆದರೆ ಪರೀಕ್ಷೆಗಳೆಲ್ಲ ‘ಅಪೂರ್ಣ’ ಎಂದು ಸಾಲಾಗಿ ಕಾಣುತ್ತಿದ್ದವು. ನಿನ್ನೆ ಮೊನ್ನೆ ಯಾರೋ ಸ್ಲೇಟು ಒರೆಸಿದ್ದಾರೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಸ್ಕ್ಯಾನರ್ ನನ್ನ ಚೀಲದಲ್ಲೇ ಇತ್ತು. ಅವರ ಎದುರಿಗೆ ಹೊರತೆಗೆಯಲು ಸಂಕೋಚವಾಯಿತು. ಹೌದು, ಚೀಲದಲ್ಲೇ ಇತ್ತು.

ಈಗ ಸಲಹೆ ಕೊಡುವವರ ಸರದಿ. ಇಷ್ಟು ದಿನ ಎಲ್ಲಿದ್ದರೋ, ಎಲ್ಲರೂ ಒಮ್ಮೆಗೇ ಎದ್ದು ಬಂದಿದ್ದಾರೆ. ‘ನನ್ನನ್ನು ಒಂದು ಮಾತು ಕೇಳಬಾರದಿತ್ತೇ?’ ಕೇಳಿದ್ದೆ ಸ್ವಾಮಿ! ನೋಡಲು ಹೋದಾಗ ನಮ್ಮ ಭಾವ ಜೊತೆಗೇ ಇದ್ದರು. ಕಾರುಗಳ ಬಗ್ಗೆ ಎಲ್ಲ ಗೊತ್ತು ಎಂಬ ಖ್ಯಾತಿ ಅವರಿಗಿದೆ. ಅವರು ಮಾಡಿದ್ದು ಒಂದೇ: ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟು ‘ಗಟ್ಟಿ ಇದೆ’ ಎಂದರು. ಒದ್ದರೆ ಟೈರಿನ ಬಗ್ಗೆ ಏನು ತಿಳಿಯುತ್ತದೆ? ಬಗ್ಗಿ ಓದಿದ್ದರೆ ತಿಳಿಯುತ್ತಿತ್ತು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ. ನಾಲ್ಕು ಟೈರಿಗೆ ನಾಲ್ಕು ಬೇರೆ ಬೇರೆ ವರ್ಷವಿದ್ದರೆ, ಒಂದೊಂದೂ ಬೇರೆ ಕಂಪನಿಯದಾಗಿದ್ದರೆ, ಆ ಕಾರಿನ ಯಜಮಾನ ಕೆಟ್ಟುನಿಂತ ಮೇಲಷ್ಟೇ ಕೈಬಿಚ್ಚುವವನು ಎಂದು ನಾನು ಲೆಕ್ಕ ಹಾಕುತ್ತೇನೆ. ನನ್ನದರಲ್ಲಿ ಮೂರು ಕಂಪನಿಯ ಟೈರುಗಳಿದ್ದವು. ಭಾವ ಮೂರಕ್ಕೂ ಸಮಾನವಾಗಿ ಒದ್ದಿದ್ದರು.

‘ಆ ಕಂಪನಿಯ ಕಾರು ಕೆಡುವುದೇ ಇಲ್ಲ’ ಎಂಬುದು ಇನ್ನೊಂದು ವರಸೆ. ಮುಂದೆ ಅಂಟಿಸಿದ ಲಾಂಛನ ಕೆಡುವುದಿಲ್ಲ, ಒಪ್ಪುತ್ತೇನೆ. ಒಂದೇ ಹೆಸರಿನ ಕಾರಿನಲ್ಲಿ ಒಂದು ವರ್ಷ ಬಂದ ಗೇರ್‌ಬಾಕ್ಸ್ ಚಿನ್ನ, ಮರುವರ್ಷ ಬದಲಾಯಿಸಿದ್ದು ಕಂಟಕ ಆಗಬಹುದು. ಎರಡು ಕ್ಲಚ್‌ಗಳಿಂದ ತಾನೇ ಗೇರ್ ಬದಲಾಯಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಅದರಲ್ಲೂ ಕ್ಲಚ್ ಆಯಿಲ್‌ನಲ್ಲಿ ಮುಳುಗಿರದ ಒಣ ಬಗೆಯದು, ಹೆದ್ದಾರಿಯಲ್ಲಿ ಬೆಣ್ಣೆ, ತೆವಳುವ ಟ್ರಾಫಿಕ್‌ನಲ್ಲಿ ಬಿಸಿಯೇರಿ ನಡುಗುತ್ತದೆ. ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದೀರಿ ಎಂದು ಕೇಳಿದರೆ ‘ಅದು ಜೀವಮಾನಪೂರ್ತಿ ಬರುತ್ತದೆ’ ಎನ್ನುತ್ತಾರೆ. ಯಾರ ಜೀವಮಾನ? ಆಯಿಲ್‌ನದೋ, ಗೇರ್‌ಬಾಕ್ಸ್‌ನದೋ, ನನ್ನದೋ? ಗೇರ್‌ಬಾಕ್ಸ್‌ಗಳನ್ನೇ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಆಟೊಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್‌ನೊಳಗೆ ಆಯಿಲ್ ಬದಲಾಯಿಸಿ ಎನ್ನುತ್ತದೆ. ಮಾಡಿದವರಿಗಿಂತ ಮಾರುವವರಿಗೇ ಹೆಚ್ಚು ಗೊತ್ತು.

ಕೈ ಸುಟ್ಟುಕೊಂಡ ಮೇಲೆ, ಇದನ್ನು ಕೊಟ್ಟು ಬೇರೆಯದನ್ನು ಕೊಳ್ಳೋಣ ಎಂದು ಹೊರಟೆ. ಈ ಸಲ ಭಾವ ಇಲ್ಲ, ಮೆಕ್ಯಾನಿಕ್ ಇದ್ದ. ನೋಡಲು ಹೋದ ಕಾರು ಝಗಮಗ ಹೊಳೆಯುತ್ತಿತ್ತು, ಬಾಗಿಲು ತೆರೆದರೆ ಮೂಗಿಗೆ ಸುಗಂಧ ಅಡರಿತು. ಮೆಕ್ಯಾನಿಕ್ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಸೀಟ್‌ಬೆಲ್ಟನ್ನು ಎಳೆದ. ಎಳೆದ, ಎಳೆದ, ಕೊನೆಯವರೆಗೂ ಎಳೆದ. ಯಾರೂ ಅಷ್ಟು ಎಳೆಯುವುದಿಲ್ಲ, ಆದ್ದರಿಂದ ಯಾರೂ ಅಲ್ಲಿಯವರೆಗೆ ತೊಳೆಯುವುದೂ ಇಲ್ಲ. ಕೊನೆಯ ಒಂದು ಗೇಣು ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ನಡುವೆ ನೇರವಾಗಿ ಗೆರೆ ಎಳೆದಂತೆ ನೀರು ನಿಂತ ಗುರುತು. ಸೀಟಿನ ಕೆಳಗೆ ಮೊಬೈಲ್ ಬೆಳಕು ಬಿಟ್ಟ. ಬೋಲ್ಟ್‌ಗಳ ತಲೆಗೆ ತುಕ್ಕು ಹಿಡಿದಿತ್ತು. ಕಾರು ಒಂದು ಕಾಲದಲ್ಲಿ ಸೀಟಿನವರೆಗೆ ನೀರಿನಲ್ಲಿ ಮುಳುಗಿ ಎದ್ದಿದೆ. ಇಂದು ಓಡುತ್ತದೆ, ಆರು ತಿಂಗಳಿಗೆ ವೈರಿಂಗ್‌ನ ಜೋಡಣೆಗಳು ಹಸಿರುಗಟ್ಟಿ ಒಂದೊಂದೇ ಕೈಕೊಡುತ್ತವೆ.

ಮಾರುವವರ ಮುಖದಲ್ಲಿ ನಾಚಿಕೆ ಕಾಣಬಹುದೆಂದು ಕಾದೆ. ಅವರು ಸಿಟ್ಟಾದರು! ‘ನಂಬಿಕೆ ಇಲ್ಲದಿದ್ದರೆ ಮನೆಯವರೆಗೂ ಯಾಕೆ ಬಂದಿರಿ? ಇರುವ ಸ್ಥಿತಿಯಲ್ಲಿ ಮಾರುತ್ತೇವೆ ಎಂದು ಕಾಗದದಲ್ಲೇ ಇದೆಯಲ್ಲ’ ಎಂದರು. ನನ್ನ ಸಿಟ್ಟು ನೆತ್ತಿಗೇರಿದ್ದು ಅಲ್ಲಿ. ಕಾರು ಮುಳುಗಿದ್ದು ಮುಚ್ಚಿಟ್ಟದ್ದು ವ್ಯವಹಾರ, ಬೆಲ್ಟ್ ಎಳೆದು ನೋಡಿದ್ದು ಅಪಮಾನ! ಸುಳ್ಳು ಹೇಳುವವರಿಗೆ ಮರ್ಯಾದೆ ಇದೆ, ಪ್ರಶ್ನೆ ಕೇಳುವವನು ಮಾತ್ರ ಸಂಶಯಪಿಶಾಚಿ. ಒಂದು ಜೊತೆ ಚಪ್ಪಲಿ ಕೊಳ್ಳುವಾಗ ಮೆಟ್ಟಿ, ನಾಲ್ಕು ಹೆಜ್ಜೆ ನಡೆದು, ಬಗ್ಗಿಸಿ ನೋಡುತ್ತೇವೆ. ಯಾವ ಅಂಗಡಿಯವನೂ ಮುನಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆಯ ಉಳಿತಾಯ ಸುರಿಯುವ ಕಾರನ್ನು ಮಾತ್ರ ಮುಖ ನೋಡಿ ಕೊಳ್ಳಬೇಕಂತೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ ಈ ಹಳೆಯ ಕಾರುಗಳ ಸಂತೆಯನ್ನೇ ಹಿಡಿದುಕೊಂಡು 1970ರಲ್ಲಿ ಲೇಖನ ಬರೆದರು. ಕಾರಿನ ನಿಜಸ್ಥಿತಿ ಮಾರುವವನಿಗೆ ಮಾತ್ರ ಗೊತ್ತು. ಕೊಳ್ಳುವವನು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ನಡುವಿನ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಕೊಡಲಾರ, ತನ್ನದನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಸಂತೆಯಲ್ಲಿ ಡಕೋಟಾಗಳೇ ಉಳಿಯುತ್ತವೆ, ಬೆಲೆ ಇನ್ನೂ ಇಳಿಯುತ್ತದೆ, ಉಳಿದಿದ್ದ ಅಲ್ಪಸ್ವಲ್ಪ ಒಳ್ಳೆಯವೂ ಹೊರಟುಹೋಗುತ್ತವೆ. ಮೊದಲು ಎರಡು ಪತ್ರಿಕೆಗಳು ‘ಇದು ಕ್ಷುಲ್ಲಕ’ ಎಂದು ಲೇಖನವನ್ನು ಹಿಂದಿರುಗಿಸಿದ್ದವು. ಆ ಸಂಪಾದಕರು ಎಂದೂ ಹಳೆಯ ಕಾರು ಕೊಂಡಿರಲಿಲ್ಲ ಎಂದು ಕಾಣುತ್ತದೆ. 2001ರಲ್ಲಿ ಅಕೆರ್ಲಾಫ್ ಅವರಿಗೆ ನೊಬೆಲ್ ಬಂತು. ನನಗೆ ಬಂದದ್ದು ಗ್ಯಾರೇಜಿನ ಬಿಲ್ಲು.

ಆ ಬಿಲ್ಲುಗಳನ್ನೆಲ್ಲ ಒಂದು ಕಡತದಲ್ಲಿ ಜೋಡಿಸಿಟ್ಟಿದ್ದೇನೆ, ಏಕೆಂದರೆ ಈಗ ಈ ಕಾರನ್ನು ನಾನು ಮಾರಬೇಕು. ಬ್ರೋಕರ್ ಒಬ್ಬರು ಬಂದು ನೋಡಿ, ‘ಗಿರಾಕಿ ಬರುವ ಮುಂಚೆ ಒಂದು ಸುತ್ತು ಓಡಿಸಿ ಬಿಸಿ ಮಾಡಿಡಿ, ಉಳಿದದ್ದು ನನಗೆ ಬಿಡಿ’ ಎಂದರು. ಅವರನ್ನು ಹಾಗೆಯೇ ಕಳುಹಿಸಿದೆ.

ಮೊನ್ನೆ ಒಬ್ಬ ಹುಡುಗ ಬಂದಿದ್ದ, ಮೊದಲ ಕಾರು ಕೊಳ್ಳುವವನು. ಹಿಂದಿನ ರಾತ್ರಿಯಿಂದ ಕೀ ಮುಟ್ಟಿರಲಿಲ್ಲ. ಅವನೆದುರಿಗೇ ಸ್ಟಾರ್ಟ್ ಮಾಡಿದೆ, ನೀಲಿ ಹೊಗೆ ಅಂಗಳ ತುಂಬಿತು. ಕಡತ ಬಿಚ್ಚಿ ಒಂದೊಂದೇ ಬಿಲ್ಲು ತೋರಿಸಿದೆ. ಮೀಟರ್‌ನ ಅಂಕಿ ಸುಳ್ಳು ಎಂದೆ, ನಿಜವಾದದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು ಎಂದೆ. ಪೆಡಲ್ ತೋರಿಸಿದೆ, ಟೈರಿನ ಅಂಕಿ ಓದಿಸಿದೆ. ಅದಕ್ಕೆ ತಕ್ಕ ಬೆಲೆಯನ್ನೇ ಹೇಳಿದೆ. ಹುಡುಗ ಕೈಕಟ್ಟಿಕೊಂಡು ಎಲ್ಲವನ್ನೂ ಕೇಳಿದ. ಒಮ್ಮೆ ಕಾರನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

‘ಇಷ್ಟೆಲ್ಲ ನೀವೇ ಹೇಳುತ್ತಿದ್ದೀರಿ ಎಂದರೆ ಸಾರ್, ಹೇಳದೆ ಉಳಿಸಿಕೊಂಡದ್ದು ಇನ್ನೆಷ್ಟಿರಬೇಕು?’ ಎಂದು ಹೊರಟುಹೋದ.