ಕಬ್ಬಿಣದ ಕಥೆ ಇನ್ನೂ ಸ್ವಲ್ಪ ಬೇಕಿತ್ತು
ದೊಡ್ಡ ನಕ್ಷತ್ರ ಕುಸಿದು ಕಪ್ಪುಕುಳಿ (ಬ್ಲ್ಯಾಕ್ ಹೋಲ್, ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಸೆಳೆತದ ಕಾಯ) ಆಗುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ‘ಕಪ್ಪುಕುಳಿ ಸುತ್ತಲಿನದನ್ನೆಲ್ಲ ನುಂಗಿಬಿಡುತ್ತದೆ’ ಎಂಬ ಸಾಲು ಸರಿಯಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಇದ್ದರೂ ಭೂಮಿ ಈಗಿನ ಹಾಗೇ ಸುತ್ತುತ್ತಿರುತ್ತದೆ. ಬೆಳಕು, ಶಾಖ ಇರುವುದಿಲ್ಲ, ಅದು ಬೇರೆ ಮಾತು! ಆ ಕಪ್ಪುಕುಳಿಯ ತ್ರಿಜ್ಯ ಬರೀ 3 ಕಿ.ಮೀ. ತೀರಾ ಹತ್ತಿರ ಹೋದರೆ ಮಾತ್ರ ಅಪಾಯ.

ಕಬ್ಬಿಣದ ವಿಷಯವನ್ನು ಸುಮ್ನೆ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಜವಾದ ಮಜಾ ಇರುವುದೇ ಅಲ್ಲಿ, ಅಲ್ವಾ? ದೊಡ್ಡ ನಕ್ಷತ್ರದ ಒಡಲಲ್ಲಿ ಹೈಡ್ರೋಜನ್ ಪರಮಾಣುಗಳ ಬೀಜಗಳು ಬೆಸೆದು ಹೀಲಿಯಂ ಆಗುತ್ತದೆ. ಮುಂದೆ ಕಾರ್ಬನ್, ಆಕ್ಸಿಜನ್, ಸಿಲಿಕಾನ್, ಕೊನೆಗೆ ಕಬ್ಬಿಣ. ಅಲ್ಲಿಯವರೆಗೆ ಶಕ್ತಿ ಸಿಗುತ್ತಲೇ ಇರುತ್ತದೆ. ಕಬ್ಬಿಣವನ್ನು ಬೆಸೆಯಲು ಹೋದರೆ ಶಕ್ತಿ ಸಿಗುವುದಿಲ್ಲ, ಖರ್ಚಾಗುತ್ತದೆ. ಆಗ ತಡೆದು ನಿಲ್ಲಿಸುವ ಶಕ್ತಿ ಇಲ್ಲದೆ ಒಡಲು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.

ಇನ್ನೊಂದು, ನಕ್ಷತ್ರದೊಳಗಿನ ಈ ಬೆಸುಗೆಯನ್ನು ರಾಸಾಯನಿಕ ಕ್ರಿಯೆ ಎನ್ನಬೇಡಿ. ಕಬ್ಬಿಣ ತುಕ್ಕು ಹಿಡಿದರೂ ಅದರೊಳಗಿನ ಪರಮಾಣು ಕಬ್ಬಿಣದ್ದೇ. ನಕ್ಷತ್ರದಲ್ಲಿ ಧಾತುವೇ ಬದಲಾಗುತ್ತದೆ.